ಒಂದು ಗೇಟಿನಿಂದ ಇನ್ನೊಂದು ಗೇಟಿಗೆ



ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ ನೀವು ಓಡಾಡಿರುತ್ತೀರಿ. ಚಿನ್ಮಯ ಮಿಷನ್ ಆಸ್ಪತ್ರೆ ಇರುವ ರಸ್ತೆಯಾದ್ದರಿಂದ ಅದಕ್ಕೆ ಆ ಹೆಸರು. ಈಗ ಅಲ್ಲಿ ಜನ ಹೆಚ್ಚಾಗಿ ಬರುವುದು ಸೀರೆಗೆ, ಚಿನ್ನಕ್ಕೆ, ಮೆಟ್ರೊಗೆ. ಆದರೂ ಆಸ್ಪತ್ರೆಗಳ ವಿಷಯದಲ್ಲಿ ಬೆಂಗಳೂರಿನ ಈ ಮೂಡಣ ಭಾಗ ಬಡವಾಗಿಲ್ಲ. ಇಂದಿರಾನಗರದಲ್ಲೇ ಸರ್ ಸಿ.ವಿ. ರಾಮನ್ ಹೆಸರಿನ ಸರ್ಕಾರಿ ಜನರಲ್ ಆಸ್ಪತ್ರೆ ಇದೆ, ಕಾರ್ಮಿಕರ ಇ.ಎಸ್.ಐ. ಆಸ್ಪತ್ರೆ ಇದೆ. ಹಲಸೂರಿಗೆ ಹೋದರೆ ಪಾಲಿಕೆಯ ರೆಫರಲ್ ಆಸ್ಪತ್ರೆ. ಶಿವಾಜಿನಗರದಲ್ಲಿ ಬೌರಿಂಗ್ ಮತ್ತು ಲೇಡಿ ಕರ್ಜನ್, ಅದರ ಜೊತೆಯಲ್ಲೇ ಘೋಷಾ ಆಸ್ಪತ್ರೆ. ಇನ್ನು ಹೋಟೆಲಿನಂಥ ಕೋಣೆಗಳಿರುವ ಖಾಸಗಿ ಹೆರಿಗೆ ಆಸ್ಪತ್ರೆಗಳ ಬೋರ್ಡುಗಳು ಕಾಣದ ಅಡ್ಡರಸ್ತೆಯೇ ಕಡಿಮೆ.

ಇಷ್ಟೆಲ್ಲ ಇರುವಾಗ ತಾಯಂದಿರ ಆರೈಕೆಯ ಬಗ್ಗೆ ಇಲ್ಲಿ ಮಾತಾಡುವುದೇನಿದೆ ಎಂದು ಕೇಳಬಹುದು. ಆಸ್ಪತ್ರೆ ಹತ್ತಿರ ಇರುವುದು ಬೇರೆ, ಆಸ್ಪತ್ರೆ ಒಳಕ್ಕೆ ಕರೆದುಕೊಳ್ಳುವುದು ಬೇರೆ. ಹಳ್ಳಿಯಲ್ಲಿ ಬಸುರಿಯ ಜೀವಕ್ಕೆ ಎರವಾಗುತ್ತಿದ್ದದ್ದು ದಾರಿ. ಪಟ್ಟಣದಲ್ಲಿ ದಾರಿ ಇದೆ, ಗಾಡಿ ಇದೆ. ಎರವಾಗುವುದು ಒಂದು ಆಸ್ಪತ್ರೆಯ ಗೇಟಿಗೂ ಇನ್ನೊಂದರ ಗೇಟಿಗೂ ನಡುವೆ ಕಳೆದುಹೋಗುವ ಹೊತ್ತು. ಇಂದು ನಾನು ಹೇಳಬೇಕೆಂದಿರುವುದು ಈ ಹೊತ್ತಿನ ಬಗ್ಗೆಯೇ.

ಮೊದಲು ನಮ್ಮ ನಡುವಿನ ಬಸುರಿ ಯಾರು ಎಂದು ನೋಡೋಣ. ಬೆಳಗ್ಗೆ ಆರೂವರೆಗೆ ಮೋಟಪ್ಪನಪಾಳ್ಯ, ಅಪ್ಪಾರೆಡ್ಡಿಪಾಳ್ಯ, ಹಲಸೂರಿನ ಲಕ್ಷ್ಮೀಪುರ, ಈ ಕಡೆಗಳಿಂದ ಹೆಂಗಸರು ಕೆಲಸಕ್ಕೆ ಹೊರಡುತ್ತಾರೆ. ಒಬ್ಬೊಬ್ಬರಿಗೆ ಮೂರು ಮನೆ, ನಾಲ್ಕು ಮನೆ. ಪಾತ್ರೆ, ಕಸ, ನೆಲ, ಬಟ್ಟೆ. ಇವರಲ್ಲಿ ಬಸುರಿಯರೂ ಇರುತ್ತಾರೆ, ಏಳು ತಿಂಗಳು ತುಂಬಿದವರೂ ಬಕೆಟ್ ಎತ್ತುತ್ತಾರೆ. ಕಚೇರಿಯಲ್ಲಿ ದುಡಿಯುವ ಹೆಣ್ಣುಮಗಳಿಗೆ 1961ರಲ್ಲೇ ಹೆರಿಗೆ ಸೌಲಭ್ಯ ಕಾಯಿದೆ ಬಂತು. 2017ರ ತಿದ್ದುಪಡಿಯ ಮೇಲೆ 26 ವಾರದ ಸಂಬಳ ಸಹಿತ ರಜೆ ಇದೆ. ಅವಳ ಮನೆಯ ಪಾತ್ರೆ ತೊಳೆಯುವವಳಿಗೆ ಆ ಸೌಲಭ್ಯ ಮುಟ್ಟುವುದಿಲ್ಲ. ಒಂದೇ ಮನೆಯ ಒಂದೇ ಅಡುಗೆಮನೆಯಲ್ಲಿ ಇಬ್ಬರು ಬಸುರಿಯರು ನಿಂತಿರಬಹುದು. ಒಬ್ಬಳಿಗೆ ಅರ್ಧ ವರ್ಷದ ರಜೆ, ಇನ್ನೊಬ್ಬಳಿಗೆ ಸ್ಕ್ಯಾನಿಂಗಿಗೆ ಹೋದ ದಿನದ ಕೂಲಿಯೂ ಕಟ್.

ಇನ್ನೂ ಪೂರ್ವಕ್ಕೆ, ಕೆ.ಆರ್. ಪುರ, ಮಹದೇವಪುರದ ಕಡೆ ಹೋದರೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳು. ರಾಯಚೂರು, ಯಾದಗಿರಿ, ಕಲಬುರಗಿಯವರು, ಒಡಿಶಾ, ಬಿಹಾರ, ಬಂಗಾಳದವರು. ಕಟ್ಟಡ ಮುಗಿದರೆ ಶೆಡ್ಡು ಎತ್ತಿಕೊಂಡು ಬೇರೆ ಕಡೆ. ಆಶಾ ಕಾರ್ಯಕರ್ತೆ ಹೆಸರು ಬರೆದುಕೊಂಡು ಹೋಗಿ, ಮುಂದಿನ ತಿಂಗಳು ಬಂದು ನೋಡಿದರೆ ಆ ಜಾಗದಲ್ಲಿ ಕಾಂಪೌಂಡ್ ಗೋಡೆ ಎದ್ದಿರುತ್ತದೆ.

1994ರಲ್ಲಿ ಸೆರೀನ್ ಥಡ್ಡಿಯಸ್, ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ತಾಯಂದಿರ ಸಾವಿನ ಬಗ್ಗೆ ಒಂದು ಲೇಖನ ಬರೆದರು. ಸಾವಿನ ಹಿಂದೆ ಮೂರು ತಡಗಳಿರುತ್ತವೆ ಎಂದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ತೀರ್ಮಾನಿಸುವುದರಲ್ಲಿ ಆಗುವ ತಡ, ಆಸ್ಪತ್ರೆ ಮುಟ್ಟುವುದರಲ್ಲಿ ಆಗುವ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಆಗುವ ತಡ. ಮೊದಲ ಎರಡರ ಮೇಲೆ ಕರ್ನಾಟಕ ಸಾಕಷ್ಟು ಕೆಲಸ ಮಾಡಿದೆ, ಇದನ್ನು ಒಪ್ಪಲೇಬೇಕು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಅದೇ ಹೊತ್ತಿಗೆ ಆಶಾ ಅಕ್ಕಂದಿರು ಬಂದರು. 2008ರ ರಾಜ್ಯೋತ್ಸವದ ದಿನ 108 ಆಂಬುಲೆನ್ಸ್ ಓಡಾಟ ಶುರುವಾಯಿತು. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ ಎಂದಾಯಿತು. ಬಾಣಂತಿಯನ್ನು ಮಗುವಿನ ಸಮೇತ ಮನೆಗೆ ಬಿಡುವ ನಗು-ಮಗು ಗಾಡಿಯನ್ನು ನೀವು ಕಂಡಿರಬಹುದು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಒಂದು ಲಕ್ಷ ಹೆರಿಗೆಗೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು.

ಸಣ್ಣ ಸಾಧನೆಯಲ್ಲ. ಆದರೆ ಅದೇ 2018-20ರಲ್ಲಿ ಕೇರಳದ ಅಂಕಿ 19, ತಮಿಳುನಾಡಿನದು 54. ಗಡಿ ದಾಟಿದರೆ ಸಾವು ಇಷ್ಟು ಕಡಿಮೆಯಾಗುತ್ತದೆ ಎಂದರೆ ನಮ್ಮಲ್ಲಿ ಉಳಿದಿರುವುದು ಆ ಮೂರನೆಯ ತಡ, ಗೇಟಿನ ಒಳಗಿನ ತಡ.

2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಅವಳಿ ಮಕ್ಕಳ ಬಸುರಿ, ಗಂಡನಿಲ್ಲದ ಬಡ ಹೆಣ್ಣುಮಗಳು, ನೋವು ಕಾಣಿಸಿಕೊಂಡು ನೆರೆಯವರ ಜೊತೆ ಜಿಲ್ಲಾ ಆಸ್ಪತ್ರೆಗೆ ಬಂದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ. ಬೆಂಗಳೂರಿಗೆ ಹೋಗಿ ಎಂದರು ಎಂಬುದು ಆರೋಪ. ಅವಳು ಮನೆಗೆ ಮರಳಿದಳು. ತಾಯಿ, ಎರಡು ಶಿಶು, ಮೂವರೂ ಉಳಿಯಲಿಲ್ಲ. ಕೆಲಸದಲ್ಲಿದ್ದವರು ಅಮಾನತಾದರು, ತುರ್ತಿಗೆ ಬಂದವರಿಗೆ ಕಾಗದ ಕೇಳದೆ ಚಿಕಿತ್ಸೆ ಕೊಡಿ ಎಂದು ಸರ್ಕಾರ ಆದೇಶ ಹೊರಡಿಸಿತು. ನೋಡಿ, ತಾಯಿ ಕಾರ್ಡನ್ನು ಮಾಡಿದ್ದು ಯಾಕೆ? ಬಸುರಿಯ ರಕ್ತದ ಗುಂಪು, ಬಿ.ಪಿ., ಹಿಮೋಗ್ಲೋಬಿನ್ ಎಲ್ಲ ಒಂದೇ ಕಡೆ ಬರೆದಿದ್ದರೆ ನೋವು ಬಂದ ರಾತ್ರಿ ಎದುರಿಗಿರುವ ಡಾಕ್ಟರಿಗೆ ಅನುಕೂಲ ಎಂದು. ಡಾಕ್ಟರಿಗೆ ಸಹಾಯ ಮಾಡಬೇಕಾದ ಕಾರ್ಡು ಬಾಗಿಲು ಕಾಯುವ ಕಾರ್ಡಾಗಿ ಕೂತಿತು.

ಬೆಂಗಳೂರಿನಲ್ಲಿ ಹೀಗೆ ವಾಪಸ್ ಕಳಿಸುವುದಕ್ಕೆ ಮರ್ಯಾದೆಯ ಮಾತೊಂದಿದೆ: ‘ರೆಫರ್ ಮಾಡಿದ್ರು.’ ಬಾಣಂತಿಯರ ಬಾಯಲ್ಲಿ ಈ ಮಾತು ಎಷ್ಟು ಸಲ ಬರುತ್ತದೆಂದು ಕಿವಿಗೊಟ್ಟು ಕೇಳಿ. ಅಲ್ಲಿ ಅರಿವಳಿಕೆ ಡಾಕ್ಟರ್ ಇರಲಿಲ್ಲ, ರೆಫರ್ ಮಾಡಿದ್ರು. ಇಲ್ಲಿ ಮಗುವಿಗೆ ಇನ್‌ಕ್ಯುಬೇಟರ್ ಖಾಲಿ ಇರಲಿಲ್ಲ, ರೆಫರ್ ಮಾಡಿದ್ರು. ಆಮೇಲೆ ವಾಣಿವಿಲಾಸಕ್ಕೆ ಹೋದ್ವಿ. ವಾಣಿವಿಲಾಸ ಆಸ್ಪತ್ರೆ 1935ರಿಂದ ಈ ನಾಡಿನ ತಾಯಂದಿರ ಕೊನೆಯ ಆಸರೆ. ಊರಿನ ಎಲ್ಲ ಮೂಲೆಯ ‘ರೆಫರ್’ ಚೀಟಿಗಳೂ ಅಲ್ಲಿಗೇ ಹೋಗಿ ಸೇರುತ್ತವೆ. ಮೇಲಿನ ಆಸ್ಪತ್ರೆಗೆ ಕಳಿಸುವುದು ತಪ್ಪಲ್ಲ, ಕಷ್ಟದ ಹೆರಿಗೆಯನ್ನು ಸಣ್ಣ ಆಸ್ಪತ್ರೆಯಲ್ಲಿ ಹಿಡಿದಿಟ್ಟುಕೊಳ್ಳುವುದೇ ತಪ್ಪು. ಆದರೆ ಕಳಿಸುವ ಮುನ್ನ ಫೋನ್ ಮಾಡಿ ಅಲ್ಲಿ ಹಾಸಿಗೆ ಇದೆಯೇ, ರಕ್ತ ಇದೆಯೇ ಎಂದು ಕೇಳಿ, ಆಂಬುಲೆನ್ಸಿನಲ್ಲಿ ಒಬ್ಬ ನರ್ಸನ್ನು ಕೂರಿಸಿ ಕಳಿಸುವುದು ಒಂದು. ಚೀಟಿ ಬರೆದು ಕೈಗಿಟ್ಟು ‘ಬೇಗ ಹೋಗಿ’ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಚಿಕಿತ್ಸೆಯ ಹೆಸರು ಕೊಡಬಾರದು.

ಹೊತ್ತಿನ ಬೆಲೆ ಎಷ್ಟೆಂದು ಹೇಳುತ್ತೇನೆ. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಹರಿಯತೊಡಗಿದರೆ, ಗಟ್ಟಿಮುಟ್ಟಾದ ಹೆಂಗಸೂ ಚಿಕಿತ್ಸೆಯಿಲ್ಲದೆ ಎರಡು ಗಂಟೆಯೊಳಗೆ ಸಾಯಬಹುದು. ನಮ್ಮ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45 ಮಂದಿಗಿಂತ ಹೆಚ್ಚು ಜನಕ್ಕೆ ರಕ್ತಹೀನತೆ ಇದೆ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಎರಡು ಗಂಟೆಯೂ ಸಿಗುವುದಿಲ್ಲ. ಇಂದಿರಾನಗರದಿಂದ ಕೆ.ಆರ್. ಮಾರುಕಟ್ಟೆಯ ಹತ್ತಿರದ ವಾಣಿವಿಲಾಸಕ್ಕೆ ಸಂಜೆಯ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ನಿಮಗೇ ಗೊತ್ತು.

ಈ ರಕ್ತಸ್ರಾವದ ವಿಷಯದಲ್ಲಿ ಕನ್ನಡನಾಡು ಜಗತ್ತಿಗೇ ಪಾಠ ಹೇಳಿದೆ. ನಮ್ಮಲ್ಲಿ ಇದನ್ನು ಬಲ್ಲವರು ಕಡಿಮೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಣ್ಣಗೆ ಇಡಬೇಕು, ಫ್ರಿಜ್ ಬೇಕು, ಚುಚ್ಚಲು ಬಲ್ಲವರು ಬೇಕು. ಹಳ್ಳಿಯ ಉಪಕೇಂದ್ರದಲ್ಲಿ, ಮನೆಯಲ್ಲಿ ಆಗುವ ಹೆರಿಗೆಯಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಅದಕ್ಕೆ ಬದಲು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ನುಂಗಿಸಿದರೆ ಹೇಗೆ ಎಂದು ನೋಡಿದರು. ಮಾತ್ರೆ ಕೊಟ್ಟವರು ಡಾಕ್ಟರುಗಳಲ್ಲ, ಹಳ್ಳಿಯ ಎ.ಎನ್.ಎಂ. ಸಹಾಯಕಿಯರು. 1,620 ತಾಯಂದಿರು ಸೇರಿದ್ದ ಆ ಅಧ್ಯಯನದಲ್ಲಿ, ಮಾತ್ರೆ ನುಂಗಿದವರಲ್ಲಿ ಅತಿ ರಕ್ತಸ್ರಾವ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಈ ಮಾತ್ರೆಯನ್ನು ಈ ಬಳಕೆಗೂ ಸೇರಿಸಿತು.

ಅದೇ ಕೆಲಸದಲ್ಲಿ ಇನ್ನೊಂದು ಸಣ್ಣ ವಸ್ತುವೂ ಇತ್ತು. ಹೆರಿಗೆಯ ಹೊತ್ತು ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಕೆಳತುದಿಯಲ್ಲಿ ಒಂದು ಚೀಲ, ಚೀಲದ ಮೇಲೆ ಅಳತೆಯ ಗೆರೆ. ಎಷ್ಟು ರಕ್ತ ಹೋಯಿತೆಂದು ಗೆರೆ ನೋಡಿ ಹೇಳಬಹುದು. ಅದಕ್ಕೆ ಮುಂಚೆ ಕಣ್ಣಂದಾಜಿನ ಮೇಲೆ ಬರೆಯುತ್ತಿದ್ದರು. ಹೋಲಿಸಿ ನೋಡಿದಾಗ ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳುತ್ತಿತ್ತು. ನುರಿತ ಕಣ್ಣೇ ಆದರೂ ಅಷ್ಟೇ. 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕ, ತಾಂಜಾನಿಯಾಗಳ 80 ಆಸ್ಪತ್ರೆಗಳ ಒಂದು ದೊಡ್ಡ ಅಧ್ಯಯನ ಹೊರಬಂತು. ಇಂಥದೇ ಗೆರೆಯ ಹಾಳೆ ಹಾಸಿ, ರಕ್ತ ಗೆರೆ ಮುಟ್ಟಿದ ಕೂಡಲೇ ಮಾಡಬೇಕಾದ್ದನ್ನೆಲ್ಲ ಒಂದಾದ ಮೇಲೊಂದು ಎನ್ನದೆ ಒಟ್ಟಿಗೇ ಮಾಡಿದರು. ಹೆರಿಗೆಯ ನಂತರದ ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು ನೂರಕ್ಕೆ 60ರಷ್ಟು ತಗ್ಗಿದವು. ಕೋಟಿ ರೂಪಾಯಿಯ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ತಡ ಮಾಡಲಿಲ್ಲ, ಅಷ್ಟೇ. ಕರ್ನಾಟಕದ ಪ್ರತಿ ಹೆರಿಗೆ ಕೋಣೆಯಲ್ಲೂ ಇಂಥ ಹಾಳೆ ಇರಬೇಕೆಂದು ಕೇಳಲು ನಮಗೆ ಹಕ್ಕಿದೆ.

ಈಗ ದಂಡು ಪ್ರದೇಶದ ಹಳೆಯ ಕಥೆಗೆ ಸ್ವಲ್ಪ ಹೋಗುತ್ತೇನೆ. ಶಿವಾಜಿನಗರದ ಘೋಷಾ ಆಸ್ಪತ್ರೆಯನ್ನು ಕಟ್ಟಿಸಿಕೊಟ್ಟವರು ಹಾಜಿ ಸರ್ ಇಸ್ಮಾಯಿಲ್ ಸೇಠ್, ದಂಡಿನ ದೊಡ್ಡ ವ್ಯಾಪಾರಿ. ಘೋಷಾ ಎಂದರೆ ಪರದೆ. ಗಂಡಸರ ಮುಂದೆ ಬರಲಾರದ ಹೆಂಗಸರು ಆಸ್ಪತ್ರೆಗೇ ಬರುತ್ತಿರಲಿಲ್ಲ, ಮನೆಯ ಒಳಗೇ ಸಾಯುತ್ತಿದ್ದರು. ಪರದೆ ತೆಗೆದು ಬನ್ನಿ ಎಂದು ಉಪದೇಶ ಮಾಡುವುದು ಸುಲಭವಿತ್ತು. ಸೇಠರು ಆಸ್ಪತ್ರೆಗೇ ಪರದೆ ಹಾಕಿಸಿದರು. ತಾಯಿ ಇರುವ ಹಾಗೆಯೇ ಅವಳನ್ನು ಒಳಗೆ ಕರೆದುಕೊಳ್ಳಬೇಕು ಎಂಬ ಈ ತಿಳಿವಳಿಕೆ ನನಗೆ ಇಂದಿನ ಎಷ್ಟೋ ಯೋಜನೆಗಳಿಗಿಂತ ಮುಂದಿನದಾಗಿ ಕಾಣುತ್ತದೆ. ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆಯಿತು, ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಹಾಗೆ ಈ ಊರಿಗೆ ಆರೋಗ್ಯದ ವಿಷಯದಲ್ಲಿ ಮುಂದಾಲೋಚನೆ ಹೊಸದಲ್ಲ.

ನಾಚಿಕೆಯ ಕಥೆಯೂ ಇದೆ, ಅದನ್ನು ಮುಚ್ಚಿಡಬಾರದು. ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲಿ ಬೆಂಗಳೂರಿನಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಕಟ್ಟಿದರು. ಸರ್ಕಾರಿ ಸೇವೆಗಳಿಗೆ ನಾಗರಿಕರೇ ಅಂಕ ಹಾಕುವ ಪದ್ಧತಿ ತಂದವರು ಇವರು. ಅವರು ಪಾಲಿಕೆಯ ಹೆರಿಗೆ ಆಸ್ಪತ್ರೆಗಳಲ್ಲಿ ಹೆತ್ತ ತಾಯಂದಿರನ್ನು ಮಾತಾಡಿಸಿದಾಗ ಹೆಚ್ಚಿನವರು ಯಾವುದಾದರೊಂದಕ್ಕೆ ಲಂಚ ಕೊಟ್ಟಿದ್ದೇವೆ ಎಂದರು. ಹೆತ್ತ ಮಗುವಿನ ಮುಖ ನೋಡುವುದಕ್ಕೂ ದುಡ್ಡು. ಗಂಡಾದರೆ ಒಂದು ದರ, ಹೆಣ್ಣಾದರೆ ಕಡಿಮೆ. ಪುಕ್ಕಟೆಯ ಆಸ್ಪತ್ರೆ ಬಡವಳಿಗೆ ಯಾಕೆ ದುಬಾರಿಯಾಗಿತ್ತು, ಅವಳು ಯಾಕೆ ಕೊನೆಯ ಗಳಿಗೆಯವರೆಗೆ ಮನೆಯಲ್ಲೇ ಹಲ್ಲು ಕಚ್ಚಿ ಕೂರುತ್ತಿದ್ದಳು ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆಮೇಲೆ ಬಡಾವಣೆಯ ನಾಗರಿಕರೇ ಇರುವ ಸಂದರ್ಶಕರ ಮಂಡಳಿಗಳನ್ನು ಹೆರಿಗೆ ಆಸ್ಪತ್ರೆಗಳಿಗೆ ನೇಮಿಸಿದರು. ವಾರ್ಡಿಗೆ ಹೋಗಿ ಬಾಣಂತಿಯರನ್ನು ಮಾತಾಡಿಸುವುದು ಅವರ ಕೆಲಸ. ಇಂಥ ಮಂಡಳಿಗಳು ಕಾಗದದ ಮೇಲೆ ಇದ್ದರೆ ಸಾಲದು. ನಿವೃತ್ತರು, ಓದಿದವರು, ಕೈಯಲ್ಲಿ ಹೊತ್ತಿರುವವರು ಇಂದಿರಾನಗರದಲ್ಲಿರುವಷ್ಟು ಬೇರೆಲ್ಲಿ ಸಿಕ್ಕಾರು? ಪಾರ್ಕಿನ ಬೆಂಚು ಮುರಿದರೆ ಪಾಲಿಕೆಗೆ ನಾಲ್ಕು ಪತ್ರ ಬರೆಯುತ್ತೇವೆ. ಹೆರಿಗೆ ವಾರ್ಡಿನ ಕಡೆಗೂ ತಿಂಗಳಿಗೊಮ್ಮೆ ಕಾಲು ಹಾಕಬಹುದಲ್ಲ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿತು. ನಾಳದ ಮೂಲಕ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು, ಅದರ ಬಳಕೆ ನಿಲ್ಲಿಸಿದರು. ಆ ಗದ್ದಲದಿಂದ ಒಂದು ಒಳ್ಳೆಯದೂ ಆಯಿತು. 2024ರ ಏಪ್ರಿಲಿನಿಂದ ಡಿಸೆಂಬರಿನವರೆಗೆ ರಾಜ್ಯದಲ್ಲಿ ಸತ್ತ 464 ತಾಯಂದಿರ ಕಾಗದಗಳನ್ನು ತಜ್ಞರು ಒಂದೊಂದಾಗಿ ಪರಿಶೀಲಿಸಿದರು. ಇವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂದರು. ಕೆಟ್ಟ ಬಾಟಲಿಗೆ ಬಲಿಯಾದವರು ಅದರಲ್ಲಿ ಸ್ವಲ್ಪ ಜನ. ಉಳಿದವರದು ಪತ್ರಿಕೆಯ ಮುಖಪುಟಕ್ಕೆ ಬಾರದ ಸಾವು. ಕೇರಳದ ಪ್ರಸೂತಿ ವೈದ್ಯರು 2004ರಿಂದಲೇ ಇಂಥ ಪರಿಶೀಲನೆ ನಡೆಸುತ್ತ ಬಂದಿದ್ದಾರೆ. ಹೆಸರು ಮುಚ್ಚಿಟ್ಟು, ಯಾರನ್ನೂ ಜೈಲಿಗೆ ಹಾಕುವ ಮಾತಾಡದೆ, ಈ ತಾಯಿ ಯಾಕೆ ಸತ್ತಳು ಎಂದು ಮಾತ್ರ ಕೇಳುತ್ತಾರೆ. ನಮ್ಮಲ್ಲಿ ಸಾವಾದ ಕೂಡಲೇ ಅಮಾನತು. ಅಮಾನತಿನ ಭಯಕ್ಕೆ ಮುಂದಿನ ಕಷ್ಟದ ಹೆರಿಗೆಯನ್ನು ಮುಟ್ಟುವುದೇ ಬೇಡ, ಬೇರೆ ಕಡೆ ಕಳಿಸಿಬಿಡೋಣ ಎಂಬ ಬುದ್ಧಿ ಬರುತ್ತದೆ. ಶಿಕ್ಷೆಯೇ ‘ರೆಫರ್’ ಚೀಟಿಗಳನ್ನು ಹೆಚ್ಚಿಸುತ್ತದೆ. ತಪ್ಪಿತಸ್ಥರಿಗೆ ಶಿಕ್ಷೆ ಬೇಡ ಎನ್ನುತ್ತಿಲ್ಲ. ರಾತ್ರಿ ಪಾಳಿಯಲ್ಲಿ ಅರಿವಳಿಕೆ ಡಾಕ್ಟರನ್ನು ಕೊಡದೆ ನರ್ಸಮ್ಮನನ್ನು ಅಮಾನತು ಮಾಡುವುದು ನ್ಯಾಯವಲ್ಲ ಎನ್ನುತ್ತಿದ್ದೇನೆ.

ಇನ್ನೊಂದು ಮಾತು ಮನೆಯ ಹಿರಿಯರಿಗೆ. ನಮ್ಮಲ್ಲಿ ಮೊದಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ, ಏಳನೇ ತಿಂಗಳ ಸೀಮಂತ ಮುಗಿಸಿಕೊಂಡು. ಒಳ್ಳೆಯ ಪದ್ಧತಿ, ಅಮ್ಮನ ಕೈಯ ಆರೈಕೆಗೆ ಸಮ ಯಾವುದಿದೆ. ಆದರೆ ಏಳು ತಿಂಗಳು ಬೆಂಗಳೂರಿನಲ್ಲಿ ತೋರಿಸಿಕೊಂಡವಳು ಕಲಬುರಗಿಯ ಹಳ್ಳಿಗೆ ಹೋದಾಗ ಅಲ್ಲಿನ ಡಾಕ್ಟರಿಗೆ ಅವಳು ಹೊಸಬಳು. ಮಡಿಲಲ್ಲಿ ತುಂಬಿದ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆಗೆ ತಾಯಿ ಕಾರ್ಡು, ಸ್ಕ್ಯಾನಿಂಗ್ ಫಿಲಂ, ರಕ್ತಪರೀಕ್ಷೆಯ ಚೀಟಿಗಳನ್ನೂ ಕಟ್ಟಿ ಕಳಿಸಿ. ತವರಿಗೆ ಹೋದ ಮೊದಲ ವಾರದಲ್ಲೇ ಅಲ್ಲಿನ ಆಶಾ ಅಕ್ಕನಿಗೆ ಹೇಳಿ. ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು ಕಂಡರೆ ದೃಷ್ಟಿ ತಾಗಿತು ಎಂದು ಕೂರಬೇಡಿ. ಅದು ಬಿ.ಪಿ. ಏರಿದ ಗುರುತು, ಫಿಟ್ಸ್ ಬರಬಹುದು. ಅದನ್ನು ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಅಗ್ಗದ ಔಷಧಿ, ಹಳೆಯ ಔಷಧಿ.

ಸೂಲಗಿತ್ತಿ ನರಸಮ್ಮನವರ ಹೆಸರು ಹೇಳದೆ ಈ ಮಾತು ಮುಗಿಸಲಾರೆ. ಪಾವಗಡದ ಆ ಅಜ್ಜಿ ಓದು ಬರಹ ಬಾರದೆ ಸಾವಿರಾರು ಹೆರಿಗೆ ಮಾಡಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಗೆ ತೀರಿಕೊಂಡರು. ಮನೆಯ ಹೆರಿಗೆಗೆ ಹಿಂದಿರುಗೋಣ ಎಂದು ಹೇಳಲು ಅವರನ್ನು ನೆನೆಯುತ್ತಿಲ್ಲ. ಕರೆದಲ್ಲಿಗೆ ಅವರು ಹೋಗುತ್ತಿದ್ದರು, ಕರೆದವಳು ಯಾರು, ಕಾಗದ ಏನಿದೆ ಎಂದು ಕೇಳುತ್ತಿರಲಿಲ್ಲ ಎಂಬುದಕ್ಕೆ ನೆನೆಯುತ್ತಿದ್ದೇನೆ.

ಸರ್ಕಾರ ಮಾಡಬೇಕಾದ್ದು ಏನೆಂದು ಹೇಳಿದ್ದಾಯಿತು. ಇಂದಿರಾನಗರದ ಮನೆಗಳು ಇವತ್ತೇ ಮಾಡಬಹುದಾದ್ದು ಒಂದಿದೆ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳು ದಾಟಿದ ಬಸುರಿಯರಿಗೆ ಡಾಕ್ಟರಿಂದ ಉಚಿತ ತಪಾಸಣೆ ನಡೆಯುತ್ತದೆ. ರಕ್ತ, ಬಿ.ಪಿ. ನೋಡುತ್ತಾರೆ, ಕಷ್ಟದ ಬಸುರು ಯಾವುದೆಂದು ಮೊದಲೇ ಗುರುತು ಹಾಕುತ್ತಾರೆ. ಮೊದಲೇ ಗುರುತಾದವಳನ್ನು ಕೊನೆಯ ರಾತ್ರಿ ಗೇಟಿನಿಂದ ಗೇಟಿಗೆ ಅಲೆಸುವುದು ತಪ್ಪುತ್ತದೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವಳು, ‘ಅಮ್ಮಾ, ನಾಳೆ ಒಂಬತ್ತನೇ ತಾರೀಖು, ಆಸ್ಪತ್ರೆಗೆ ಹೋಗಬೇಕು’ ಎಂದರೆ, ‘ಹೋಗು, ಪಾತ್ರೆ ತೊಳೆದಿಟ್ಟು ಹೋಗು’ ಎನ್ನಬೇಡಿ. ಅಲ್ಲಿ ಸಾಲು ಬೆಳಗ್ಗೆಯೇ ಶುರುವಾಗುತ್ತದೆ. ಪೂರ್ತಿ ದಿನ ರಜೆ ಕೊಡಿ, ಆ ದಿನದ ಸಂಬಳ ಹಿಡಿಯಬೇಡಿ. ಅವಳು ಕೇಳದಿದ್ದರೆ ನೀವೇ ಕೇಳಿ: ತಾಯಿ ಕಾರ್ಡ್ ಮಾಡಿಸಿದ್ದೀಯಾ, ಹಿಮೋಗ್ಲೋಬಿನ್ ಎಷ್ಟಿದೆ, ನೋವು ಬಂದರೆ ಯಾವ ಆಸ್ಪತ್ರೆ, 108ಕ್ಕೆ ಫೋನ್ ಮಾಡುವವರು ಯಾರು. ಹೆರಿಗೆಯ ತಿಂಗಳುಗಳಲ್ಲಿ ಅವಳ ಜಾಗಕ್ಕೆ ಬೇರೆಯವರನ್ನು ಇಟ್ಟುಕೊಂಡರೂ ಅವಳ ಕೆಲಸ ಅವಳಿಗೆ ಉಳಿದಿರಲಿ. ಮುಂದಿನ 9ನೇ ತಾರೀಖು ಯಾವ ವಾರ ಬರುತ್ತದೆಂದು ಈಗಲೇ ಕ್ಯಾಲೆಂಡರ್ ನೋಡಿ ಗುರುತು ಮಾಡಿಕೊಳ್ಳಿ.